ವರದಿಗಾರರು ಮತ್ತು ಪೊಲೀಸರು: ಕಾನೂನಿನ ಗೆರೆ ಎಲ್ಲಿದೆ?

2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ, ಗಂಗಾವಳಿ ನದಿಯ ದಂಡೆಗೆ ಜಿಲ್ಲೆಯ ವರದಿಗಾರರಷ್ಟೇ ಅಲ್ಲದೆ ಕೇರಳದ ವಾಹಿನಿಗಳ ತಂಡಗಳೂ ಬಂದು ದಿನಗಟ್ಟಲೆ ನಿಂತಿದ್ದವು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರಂದು, ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಇಂಥ ಕಡೆಗಳಲ್ಲಿ ಅಡ್ಡ ಹಗ್ಗ ಕಟ್ಟುವ ಕೆಲಸ ಪೊಲೀಸರದು, ಹಗ್ಗದ ಆಚೆ ಏನು ನಡೆಯುತ್ತಿದೆ ಎಂಬುದನ್ನು ಊರಿಗೆ ತಿಳಿಸುವ ಕೆಲಸ ವರದಿಗಾರರದು. ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬಂದರು ಯೋಜನೆಗಳನ್ನು ಮೀನುಗಾರರು ವಿರೋಧಿಸುವಾಗಲೂ, ಶಿರಸಿ ಸೀಮೆಯಲ್ಲಿ ಬೇಡ್ತಿ–ವರದಾ ನದಿ ಜೋಡಣೆಯ ವಿರುದ್ಧ ಸಭೆ ಸೇರುವಾಗಲೂ ಇದೇ ಇಬ್ಬರು ಎದುರುಬದುರಾಗುತ್ತಾರೆ.

ಈಗ ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇರುವ ಫೋನ್ ಇದೆ. ಮೀನುಪೇಟೆಯ ಜಗಳವನ್ನೋ, ಚೆಕ್‌ಪೋಸ್ಟಿನ ವಾಗ್ವಾದವನ್ನೋ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ಗೆ ಹಾಕಿದವರಿಗೂ ಠಾಣೆಯಿಂದ ಕರೆ ಬರುವುದುಂಟು. ಹಾಗಾಗಿ ವರದಿಗಾರರನ್ನು ಪೊಲೀಸರು ಎಲ್ಲಿ ತಡೆಯಬಹುದು, ಯಾವಾಗ ಕರೆಸಬಹುದು, ಯಾವಾಗ ಬಂಧಿಸಬಹುದು ಎಂಬ ಪ್ರಶ್ನೆಗಳು ಪತ್ರಿಕೆಯವರ ಮನೆಮಾತಾಗಿ ಮಾತ್ರ ಉಳಿದಿಲ್ಲ. ಅವುಗಳಿಗೆ ಕಾನೂನು ಏನು ಉತ್ತರ ಕೊಡುತ್ತದೆ ಎಂಬುದನ್ನು ಮೊದಲಿನಿಂದ ನೋಡೋಣ.

ಪತ್ರಿಕಾ ಸ್ವಾತಂತ್ರ್ಯ ಯಾರ ಸ್ವಾತಂತ್ರ್ಯ?

ನಮ್ಮ ಸಂವಿಧಾನದಲ್ಲಿ ಪತ್ರಿಕೆಗಳಿಗೆಂದೇ ಬರೆದ ವಿಧಿ ಯಾವುದೂ ಇಲ್ಲ. 19(1)(ಎ) ವಿಧಿ ಪ್ರತಿಯೊಬ್ಬ ನಾಗರಿಕನಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕೊಡುತ್ತದೆ. ಪತ್ರಿಕಾ ಸ್ವಾತಂತ್ರ್ಯ ಅದರೊಳಗೇ ಅಡಕವಾಗಿದೆ ಎಂಬುದು ಸುಪ್ರೀಂ ಕೋರ್ಟ್ 1950ರಿಂದಲೂ ಹಿಡಿದಿರುವ ನಿಲುವು. ಆ ವರ್ಷ ಮದ್ರಾಸ್ ಸರ್ಕಾರ ಮುಂಬಯಿಯ ಒಂದು ವಾರಪತ್ರಿಕೆ ತನ್ನ ರಾಜ್ಯದೊಳಗೆ ಬಾರದಂತೆ ನಿಷೇಧಿಸಿದ್ದನ್ನು ರೊಮೇಶ್ ಥಾಪರ್ ಪ್ರಕರಣದಲ್ಲಿ ನ್ಯಾಯಾಲಯ ರದ್ದು ಮಾಡಿತು ಮತ್ತು ಬರೆದದ್ದು ಜನರಿಗೆ ತಲುಪದಿದ್ದರೆ ಬರೆಯುವ ಸ್ವಾತಂತ್ರ್ಯಕ್ಕೆ ಬೆಲೆಯಿಲ್ಲ ಎಂಬ ಅರ್ಥದ ಮಾತು ಹೇಳಿತು. ಮರುವರ್ಷವೇ, 1951ರಲ್ಲಿ, ಸಂವಿಧಾನದ ಮೊದಲ ತಿದ್ದುಪಡಿ ಬಂದು ನಿರ್ಬಂಧಗಳ ಪಟ್ಟಿಗೆ ಸಾರ್ವಜನಿಕ ಸುವ್ಯವಸ್ಥೆಯೂ ಸೇರಿತು. ಆದರೆ ಅದೇ ತಿದ್ದುಪಡಿಯಿಂದ, ನಿರ್ಬಂಧ ಯಾವುದೇ ಇರಲಿ ಅದು ಸಮಂಜಸವಾಗಿರಬೇಕು ಎಂಬ ಷರತ್ತೂ ಬಂತು.

19(2)ನೇ ವಿಧಿಯಲ್ಲಿರುವ ಆ ಪಟ್ಟಿ ಹೀಗಿದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಷ್ಟ್ರದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮತ್ತು ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಇವನ್ನು ಬಿಟ್ಟು ಬೇರೆ ಕಾರಣಕ್ಕಾಗಲಿ, ಶಾಸನದ ಆಧಾರವಿಲ್ಲದೆ ಆಗಲಿ ಮಾತನ್ನು ತಡೆಯುವಂತಿಲ್ಲ. ಅಘನಾಶಿನಿಯ ಗಜನಿ ಗದ್ದೆಗಳನ್ನು ಕಂಡವರಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾದೀತು: ಉಪ್ಪುನೀರು ನುಗ್ಗದಿರಲೆಂದು ಗದ್ದೆಯ ಸುತ್ತ ಕಟ್ಟೆ ಹಾಕುತ್ತಾರೆ, ಕಟ್ಟೆ ಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ, ಆದರೆ ಕಟ್ಟೆಯನ್ನು ಒಳಗೊಳಗೆ ಅಗಲಿಸುತ್ತಾ ಬಂದರೆ ಕೊನೆಗೆ ಕಗ್ಗದ ಭತ್ತ ಬಿತ್ತಲು ಜಾಗವೇ ಇರುವುದಿಲ್ಲ. ನಿರ್ಬಂಧ ಅಗತ್ಯವಿದ್ದಷ್ಟೇ ಇದೆಯೋ, ಹಕ್ಕನ್ನೇ ನುಂಗುವಷ್ಟಿದೆಯೋ ಎಂದು ಅಳೆದು ನೋಡುವುದು ನ್ಯಾಯಾಲಯದ ಕೆಲಸ.

ಇಲ್ಲಿ ಎರಡು ಮಾತುಗಳನ್ನು ಒಟ್ಟಿಗೇ ನೆನಪಿಡಬೇಕು. ಪತ್ರಕರ್ತರಿಗೆ ನಾಗರಿಕನಿಗಿಲ್ಲದ ವಿಶೇಷ ಹಕ್ಕು ಭಾರತದಲ್ಲಿ ಬಹುಮಟ್ಟಿಗೆ ಇಲ್ಲ. ಹಾಗೆಯೇ ಪತ್ರಕರ್ತರ ಮೇಲೆ ಪೊಲೀಸರಿಗೆ ಯಾವ ವಿಶೇಷ ಅಧಿಕಾರವೂ ಇಲ್ಲ. ಆದ್ದರಿಂದ ವರದಿಗಾರರಿಗೆ ನಿಜವಾದ ರಕ್ಷಣೆ ದೊಡ್ಡ ದೊಡ್ಡ ಘೋಷಣೆಗಳಲ್ಲಿ ಸಿಗುವುದಿಲ್ಲ. ನೋಟಿಸು ಲಿಖಿತವಾಗಿತ್ತೇ, ಬಂಧನದ ಕಾರಣವನ್ನು ಬರೆದುಕೊಟ್ಟರೇ, ಫೋನಿಗೆ ಪಂಚನಾಮೆ ಆಯಿತೇ ಎಂಬಂಥ ಸಣ್ಣ ಪ್ರಶ್ನೆಗಳಲ್ಲಿ ಸಿಗುತ್ತದೆ. ಈ ಲೇಖನದ ಬಹುಪಾಲು ಅಂಥ ಪ್ರಶ್ನೆಗಳ ಕುರಿತದ್ದು.

ಚರಿತ್ರೆಯ ಮಾತೊಂದನ್ನು ಇಲ್ಲಿ ಸೇರಿಸಬಹುದು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅದೇ ತಿಂಗಳ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ಪತ್ರಿಕೆಗಳಿಂದ ಭದ್ರತಾ ಠೇವಣಿ ಕೇಳುವ ಸುಗ್ರೀವಾಜ್ಞೆ ಹೊರಡಿಸಿತು. ಸುದ್ದಿ ಸರ್ಕಾರಕ್ಕೆ ಒಗ್ಗದಿದ್ದರೆ ಠೇವಣಿ ಮುಟ್ಟುಗೋಲಾಗುತ್ತಿತ್ತು. ಸ್ವತಂತ್ರ ಭಾರತದ ಸಂವಿಧಾನ ರಚಿಸಿದವರಿಗೆ ಈ ಅನುಭವ ಹಳೆಯದೇನೂ ಆಗಿರಲಿಲ್ಲ.

ಹಗ್ಗದ ಆಚೆ, ಈಚೆ

ಘಟನೆ ನಡೆದ ಸ್ಥಳಕ್ಕೆ ಹೋಗದಂತೆ ವರದಿಗಾರರನ್ನು ತಡೆಯುವ ಅಧಿಕಾರ ಹಲವು ಕಾನೂನುಗಳಲ್ಲಿ ಹರಡಿಕೊಂಡಿದೆ, ಮತ್ತು ಯಾವ ಕಾನೂನಿನಡಿ ತಡೆದರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಗುಡ್ಡ ಕುಸಿತ, ನೆರೆಯಂಥ ಸಂದರ್ಭದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಸೆಕ್ಷನ್ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ, ಅಂದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸಮಿತಿಗೆ, ಬಾಧಿತ ಪ್ರದೇಶಕ್ಕೆ ಜನರ ಮತ್ತು ವಾಹನಗಳ ಪ್ರವೇಶವನ್ನು ನಿಯಂತ್ರಿಸುವ ಅಧಿಕಾರ ಕೊಟ್ಟಿದೆ. ಮಣ್ಣು ಮತ್ತೆ ಜಾರುವ ಭಯವಿರುವಾಗ, ಜೆಸಿಬಿಗಳು ಓಡಾಡುವಾಗ ಎಲ್ಲರನ್ನೂ ದೂರ ನಿಲ್ಲಿಸುವುದು ಈ ಅಧಿಕಾರದ ಸಹಜ ಬಳಕೆ. ಅದು ಜಾಗಕ್ಕೆ ಹಾಕಿದ ತಡೆಯೇ ಹೊರತು ಸುದ್ದಿಗೆ ಹಾಕಿದ ತಡೆಯಲ್ಲ. ಹಗ್ಗದ ಈಚೆ ನಿಂತು ದೂರದಿಂದ ಚಿತ್ರೀಕರಿಸುವುದನ್ನೋ, ಆಸ್ಪತ್ರೆಯ ಬಳಿ ಬಂಧುಗಳನ್ನು ಮಾತನಾಡಿಸುವುದನ್ನೋ ಈ ಸೆಕ್ಷನ್ ತಡೆಯುವುದಿಲ್ಲ. ಆದರೆ ವಿಪತ್ತಿನ ಬಗ್ಗೆ ಗಾಬರಿ ಹುಟ್ಟಿಸುವ ಸುಳ್ಳು ಎಚ್ಚರಿಕೆ ಹಬ್ಬಿಸಿದರೆ ಅದೇ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಸಜೆಯಾಗಬಹುದು. ಮಳೆಗಾಲದಲ್ಲಿ ಅಣೆಕಟ್ಟು ಒಡೆಯಿತು ಎಂಬ ಸಂದೇಶವನ್ನು ಪರಿಶೀಲಿಸದೆ ಮುಂದೆ ಕಳಿಸುವವರು ಇದನ್ನು ತಿಳಿದಿರುವುದು ಒಳ್ಳೆಯದು.

ನಿಷೇಧಾಜ್ಞೆಯ ಮಾತು ಬೇರೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ ಎಂದು ಊರೆಲ್ಲ ಕರೆಯುತ್ತಿದ್ದ ಆಜ್ಞೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ನಮ್ಮ ಜಿಲ್ಲೆಯಂಥ ಕಡೆ ಇದನ್ನು ಹೊರಡಿಸುವವರು ಪೊಲೀಸರಲ್ಲ, ಜಿಲ್ಲಾ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಇತರ ಕಾರ್ಯನಿರ್ವಾಹಕ ದಂಡಾಧಿಕಾರಿ. ಸಾಮಾನ್ಯವಾಗಿ ಇದರ ಅವಧಿ ಎರಡು ತಿಂಗಳನ್ನು ಮೀರುವಂತಿಲ್ಲ. ಗುಂಪು ಸೇರಬಾರದು ಎಂಬ ಆಜ್ಞೆ ಒಬ್ಬ ವರದಿಗಾರ ಅಲ್ಲಿಗೆ ಹೋಗುವುದನ್ನೂ ತಡೆಯುತ್ತದೆಯೇ ಎಂಬುದು ಆಜ್ಞೆಯ ಒಕ್ಕಣೆಯನ್ನು ಅವಲಂಬಿಸಿದೆ, ಹಾಗಾಗಿ ಆಜ್ಞೆಯ ಪ್ರತಿ ಮುಖ್ಯ. ಕಾಶ್ಮೀರದ ಇಂಟರ್ನೆಟ್ ಸ್ಥಗಿತದ ವಿರುದ್ಧ ಪತ್ರಿಕೆಯೊಂದರ ಸಂಪಾದಕಿ ಅನುರಾಧಾ ಭಾಸಿನ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು, ಇಂಥ ಆಜ್ಞೆಗಳನ್ನು ಪ್ರಕಟಿಸಲೇಬೇಕು, ಅದಕ್ಕೆ ಕಾರಣವಾದ ಸಂಗತಿಗಳನ್ನು ಅದರಲ್ಲಿ ಹೇಳಬೇಕು, ಭಿನ್ನಾಭಿಪ್ರಾಯವನ್ನು ಅಡಗಿಸಲು ಅದನ್ನು ಬಳಸಬಾರದು ಎಂದಿತು. ಓದಲು ಸಿಗದ ಆಜ್ಞೆಯನ್ನು ಪ್ರಶ್ನಿಸುವುದಾದರೂ ಹೇಗೆ?

ಹೊಸ ಸಂಹಿತೆಯ 172ನೇ ಸೆಕ್ಷನ್ ಹಳೆಯ ಕಾನೂನಿನಲ್ಲಿ ಇರಲಿಲ್ಲ. ಅಪರಾಧ ತಡೆಯುವ ಕರ್ತವ್ಯದಲ್ಲಿ ಪೊಲೀಸರು ಕೊಡುವ ಕಾನೂನುಬದ್ಧ ಸೂಚನೆಯನ್ನು ಎಲ್ಲರೂ ಪಾಲಿಸಬೇಕು ಎಂದು ಅದು ಹೇಳುತ್ತದೆ. ಪಾಲಿಸದವರನ್ನು ಅಲ್ಲಿಂದ ತೆರವು ಮಾಡಬಹುದು, ವಶಕ್ಕೆ ಪಡೆದು ದಂಡಾಧಿಕಾರಿಯ ಮುಂದೆ ಒಯ್ಯಬಹುದು, ಸಣ್ಣ ವಿಷಯವಾಗಿದ್ದರೆ 24 ಗಂಟೆಯೊಳಗೆ ಬಿಟ್ಟುಬಿಡಬಹುದು. ಪ್ರತಿಭಟನೆಯ ವರದಿಗೆ ಹೋದವರನ್ನು ಪ್ರತಿಭಟನಕಾರರ ಜತೆಗೇ ವ್ಯಾನಿಗೆ ಹತ್ತಿಸುವಾಗ ಬಳಕೆಯಾಗಬಹುದಾದ ಸೆಕ್ಷನ್ ಇದು. ಸೂಚನೆ ಕಾನೂನುಬದ್ಧವಾಗಿರಬೇಕು ಎಂಬ ಷರತ್ತೇ ಇದರ ಮೇಲಿರುವ ಮುಖ್ಯ ಕಡಿವಾಣ.

ಕಾರವಾರದ ಓದುಗರಿಗೆ ಇನ್ನೊಂದು ವಿಷಯ ಹತ್ತಿರದ್ದು. ಅರ್ಗಾದ ಐಎನ್‌ಎಸ್ ಕದಂಬ ನೌಕಾನೆಲೆಯಂಥ ರಕ್ಷಣಾ ಸ್ಥಳಗಳು 1923ರ ಅಧಿಕೃತ ರಹಸ್ಯ ಕಾಯ್ದೆಯ ಅರ್ಥದಲ್ಲಿ ನಿಷೇಧಿತ ಸ್ಥಳಗಳು. ದೇಶದ ಸುರಕ್ಷತೆಗೆ ಧಕ್ಕೆ ತರುವ ಉದ್ದೇಶದಿಂದ ಅವುಗಳ ಬಳಿ ಸುಳಿದಾಡುವುದು, ನಕ್ಷೆ ಅಥವಾ ಚಿತ್ರ ತೆಗೆಯುವುದು ಗಂಭೀರ ಅಪರಾಧ. ಸೇನಾ ಸಂಗತಿಗಳಿಗೆ ಸಂಬಂಧಿಸಿದ್ದಾದರೆ 14 ವರ್ಷದವರೆಗೆ ಶಿಕ್ಷೆಯಾಗಬಹುದು. ಡ್ರೋನ್ ಹಾರಿಸುವುದಕ್ಕಂತೂ 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಆದರೆ ನಿಷೇಧ ಸ್ಥಳದ ಒಳಗಿನ ಗುಟ್ಟಿಗೆ ಸಂಬಂಧಿಸಿದ್ದು, ಆ ಸ್ಥಳದ ಹೆಸರು ಬಂದ ಪ್ರತಿ ಸುದ್ದಿಗೂ ಅಲ್ಲ. ಈ ನೌಕಾನೆಲೆ ಕಟ್ಟಿದ ಸೀಬರ್ಡ್ ಯೋಜನೆಯ ನಿರಾಶ್ರಿತರ ಪರಿಹಾರದ ಸುದ್ದಿ, ಅಥವಾ 2009ರ ನವೆಂಬರ್‌ನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ನೌಕರರು ಕುಡಿಯುವ ನೀರಿಗೆ ಟ್ರಿಟಿಯಂ ಬೆರೆತ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದು ಇದೇ ಕಾರಣಕ್ಕೆ.

ಪೊಲೀಸ್ ಠಾಣೆಯೇ ನಿಷೇಧಿತ ಸ್ಥಳವೇ? ಠಾಣೆಯೊಳಗೆ ವಿಡಿಯೊ ಮಾಡಿದ್ದಕ್ಕೆ ಅಧಿಕೃತ ರಹಸ್ಯ ಕಾಯ್ದೆಯಡಿ ದಾಖಲಾದ ಪ್ರಕರಣವನ್ನು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ರದ್ದುಪಡಿಸಿ, ಆ ಕಾಯ್ದೆಯ ಪಟ್ಟಿಯಲ್ಲಿ ಠಾಣೆ ಸೇರಿಲ್ಲ ಎಂದು ಸ್ಪಷ್ಟಪಡಿಸಿತು. ಅದು ಕರ್ನಾಟಕಕ್ಕೆ ನೇರವಾಗಿ ಬದ್ಧವಾದ ತೀರ್ಪಲ್ಲ, ಆದರೆ ಇಲ್ಲಿನ ನ್ಯಾಯಾಲಯಗಳಲ್ಲಿ ಆಧಾರವಾಗಿ ಮುಂದಿಡಬಹುದಾದದ್ದು.

ಠಾಣೆಯಿಂದ ಕರೆ ಬಂದರೆ

ತಾಲ್ಲೂಕು ಮಟ್ಟದ ವರದಿಗಾರರ ಅನುಭವಕ್ಕೆ ಹೆಚ್ಚಾಗಿ ಬರುವುದು ಬಂಧನವಲ್ಲ, "ಸ್ವಲ್ಪ ಸ್ಟೇಷನ್ನಿಗೆ ಬಂದು ಹೋಗಿ" ಎಂಬ ಫೋನ್ ಕರೆ. ಸೌಜನ್ಯಕ್ಕೆ ಹೋಗುವುದು ಅವರವರಿಗೆ ಬಿಟ್ಟದ್ದು. ಆದರೆ ಕಾನೂನಿನ ಪ್ರಕಾರ ಕರೆಸುವುದಾದರೆ ಅದಕ್ಕೆ ಲಿಖಿತ ರೂಪವೇ ಬೇಕು, ಮತ್ತು ಕರೆಸುತ್ತಿರುವುದು ಸಾಕ್ಷಿಯನ್ನೋ ಆರೋಪಿಯನ್ನೋ ಎಂಬುದು ಅದರಲ್ಲಿ ಗೊತ್ತಾಗಬೇಕು.

ಸಾಕ್ಷಿಯಾಗಿ ಕರೆಸುವುದಾದರೆ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ನಿನ ಆದೇಶ ಬರುತ್ತದೆ. ಮಹಿಳೆಯರನ್ನು ಮತ್ತು 60 ವರ್ಷ ದಾಟಿದವರನ್ನು ಅವರು ವಾಸಿಸುವ ಜಾಗದಲ್ಲಿಯೇ ವಿಚಾರಿಸಬೇಕೇ ಹೊರತು ಠಾಣೆಗೆ ಬರಲು ಒತ್ತಾಯಿಸುವಂತಿಲ್ಲ. ಆರೋಪ ಅಥವಾ ಗಟ್ಟಿಯಾದ ಸಂಶಯ ಇದ್ದವರಿಗೆ ಬರುವುದು 35(3)ನೇ ಸೆಕ್ಷನ್ನಿನ ನೋಟಿಸು. ಇದನ್ನು ವಾಟ್ಸ್‌ಆ್ಯಪ್ ಮೂಲಕ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಈ ನೋಟಿಸು ಬಂದಾಗ ಹೋಗದೆ ಇರುವುದು ಮಾತ್ರ ಜಾಣತನವಲ್ಲ: ನೋಟಿಸು ಪಾಲಿಸಿದವರನ್ನು ಸಾಮಾನ್ಯವಾಗಿ ಬಂಧಿಸುವಂತಿಲ್ಲ, ಪಾಲಿಸದಿರುವುದೇ ಬಂಧನಕ್ಕೆ ಕಾರಣವಾಗಬಹುದು. ಒಂದು ದಾಖಲೆಯನ್ನೋ ವಿಡಿಯೊವನ್ನೋ ಹಾಜರುಪಡಿಸಿ ಎನ್ನುವುದಾದರೆ ಅದಕ್ಕೆ 94ನೇ ಸೆಕ್ಷನ್ ಇದೆ. ಕೇಳಿದ ಪ್ರಶ್ನೆಗೆ ಉತ್ತರಿಸಿದರೆ ತನ್ನ ಮೇಲೆಯೇ ಅಪರಾಧ ಬರುವಂತಿದ್ದಾಗ ಸುಮ್ಮನಿರುವ ಹಕ್ಕನ್ನು ಸಂವಿಧಾನದ 20(3)ನೇ ವಿಧಿ ಕೊಟ್ಟಿದೆ.

ಹಳ್ಳಿಪಟ್ಟಣಗಳಲ್ಲಿ ಮುಚ್ಚಳಿಕೆ ಬರೆಸಿಕೊಳ್ಳುವ ರೂಢಿಯೂ ಇದೆ. ಶಾಂತಿಭಂಗವಾದೀತು ಎಂಬ ಪೊಲೀಸ್ ವರದಿಯ ಮೇಲೆ ತಹಶೀಲ್ದಾರರೋ ಉಪವಿಭಾಗಾಧಿಕಾರಿಯೋ ಕಾರ್ಯನಿರ್ವಾಹಕ ದಂಡಾಧಿಕಾರಿಯಾಗಿ 126ನೇ ಸೆಕ್ಷನ್ ಅಡಿ ಕಾರಣ ಕೇಳಿ, ವಿಚಾರಣೆ ನಡೆಸಿ ಬರೆಸಿಕೊಳ್ಳುವ ಪತ್ರ ಅದು. ಅದು ಅಪರಾಧದ ತೀರ್ಪಲ್ಲ. ಠಾಣೆಯ ಮೇಜಿನ ಮೇಲೆಯೇ "ಇನ್ನು ಮುಂದೆ ಇಂಥ ಸುದ್ದಿ ಬರೆಯುವುದಿಲ್ಲ" ಎಂದು ಬರೆಸಿಕೊಳ್ಳುವುದಕ್ಕೆ ಈ ಸೆಕ್ಷನ್ನಿನಲ್ಲಿ ಜಾಗವಿಲ್ಲ.

ಎಫ್‌ಐಆರ್ ಎಂದರೆ ತಪ್ಪಿತಸ್ಥ ಎಂದಲ್ಲ

ಅಪರಾಧಗಳು ಎರಡು ಬಗೆ. ಕೊಲೆ, ಸುಲಿಗೆಯಂಥವುಗಳಲ್ಲಿ ಪೊಲೀಸರು ನ್ಯಾಯಾಲಯದ ಅಪ್ಪಣೆಗೆ ಕಾಯದೆ ತನಿಖೆ ಮಾಡಬಹುದು. ಇವು ಸಂಜ್ಞೇಯ ಅಪರಾಧಗಳು. ಉಳಿದವುಗಳಲ್ಲಿ ದಂಡಾಧಿಕಾರಿಯ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ, ಅವು ಅಸಂಜ್ಞೇಯ. ಎಫ್‌ಐಆರ್ ಅಥವಾ ಪ್ರಥಮ ವರ್ತಮಾನ ವರದಿ ಎಂದರೆ ಸಂಜ್ಞೇಯ ಅಪರಾಧ ನಡೆದಿದೆ ಎಂದು ಯಾರೋ ಕೊಟ್ಟ ಮಾಹಿತಿಯನ್ನು ಠಾಣೆ ಬರೆದುಕೊಂಡದ್ದು, ಅಷ್ಟೇ. ಅದು ತನಿಖೆಯ ಬಾಗಿಲು. ಮೂರರಿಂದ ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಆ ಬಾಗಿಲು ತೆರೆಯುವ ಮೊದಲು, ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು, 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಿ ನೋಡಲು ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ಸುದ್ದಿ ಬರೆದದ್ದಕ್ಕೆ ಸಾಮಾನ್ಯವಾಗಿ ಹಾಕುವ ಸೆಕ್ಷನ್‌ಗಳು ಬೆರಳೆಣಿಕೆಯವು. ಹಳೆಯ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 196 ಕೋಮುಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ, 299 ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತರುವುದಕ್ಕೆ, 353 ಜನರಲ್ಲಿ ಭೀತಿ ಹುಟ್ಟಿಸುವ ಸುಳ್ಳು ಹೇಳಿಕೆಗೆ, 132 ಸರ್ಕಾರಿ ನೌಕರರ ಮೇಲೆ ಬಲಪ್ರಯೋಗಕ್ಕೆ ಸಂಬಂಧಿಸಿವೆ. 353ರಲ್ಲಿಯೇ ಒಂದು ವಿನಾಯಿತಿಯೂ ಇದೆ: ಸತ್ಯವೆಂದು ನಂಬಲು ಸಕಾರಣವಿದ್ದು, ಸದ್ಭಾವನೆಯಿಂದ ಪ್ರಕಟಿಸಿದ್ದರೆ ಅದು ಅಪರಾಧವಾಗದು. ಸುದ್ದಿ ಬರೆಯುವ ಮೊದಲು ಯಾರನ್ನು ಕೇಳಿದೆ, ಯಾವ ಕಾಗದ ನೋಡಿದೆ ಎಂದು ಗುರುತು ಹಾಕಿಟ್ಟುಕೊಳ್ಳುವ ಹಳೆಯ ಪತ್ರಕರ್ತರ ಅಭ್ಯಾಸದ ಬೆಲೆ ಇಲ್ಲಿ ತಿಳಿಯುತ್ತದೆ.

ಮಾನಹಾನಿಯ ವಿಷಯದಲ್ಲಿ ಗೊಂದಲ ಹೆಚ್ಚು. "ಮಾನಹಾನಿ ಕೇಸ್ ಹಾಕಿ ಒಳಗೆ ಹಾಕಿಸುತ್ತೇನೆ" ಎಂಬ ಬೆದರಿಕೆ ಕೇಳಿಬರುತ್ತದೆ, ಆದರೆ 356ನೇ ಸೆಕ್ಷನ್ನಿನ ಮಾನಹಾನಿ ಅಸಂಜ್ಞೇಯ ಅಪರಾಧ. ನೊಂದವರೇ ನ್ಯಾಯಾಲಯದಲ್ಲಿ ಖಾಸಗಿ ದೂರು ಕೊಡಬೇಕು. ಠಾಣೆಯಲ್ಲಿ ಅದಕ್ಕೆ ಎಫ್‌ಐಆರ್ ಆಗುವುದಿಲ್ಲ. ಅಪರಾಧ ಎಂಬ ನೆಲೆಯಲ್ಲಿ ಮಾನಹಾನಿ ಉಳಿಯಬೇಕೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2016ರಲ್ಲಿ ಉಳಿಯಬಹುದು ಎಂದಿದೆ.

ಒಂದೇ ಸುದ್ದಿಗೆ ಊರೂರಿನಲ್ಲಿ ಹತ್ತಾರು ಎಫ್‌ಐಆರ್ ಹಾಕುವುದಕ್ಕೆ 2020ರಲ್ಲಿ ಟಿವಿ ಸಂಪಾದಕ ಅರ್ಣಬ್ ಗೋಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಪತ್ರಕರ್ತ ವಿನೋದ್ ದುವಾ ಪ್ರಕರಣದಲ್ಲಿ 2021ರ ಜೂನ್ 3ರಂದು ರಾಜದ್ರೋಹದ ಎಫ್‌ಐಆರನ್ನು ರದ್ದುಗೊಳಿಸಿ, ಹಿಂಸೆಗೆ ಪ್ರಚೋದಿಸದ ಟೀಕೆ ರಾಜದ್ರೋಹವಲ್ಲ ಎಂಬ 1962ರ ಕೇದಾರನಾಥ್ ಸಿಂಗ್ ತೀರ್ಪಿನ ರಕ್ಷಣೆ ಪ್ರತಿ ಪತ್ರಕರ್ತರಿಗೂ ಇದೆ ಎಂದಿತು. ಆದರೆ ಪತ್ರಕರ್ತರ ಮೇಲೆ ಎಫ್‌ಐಆರ್ ಹಾಕುವ ಮೊದಲು ಸಮಿತಿಯೊಂದು ಪರಿಶೀಲಿಸಬೇಕು ಎಂಬ ಕೋರಿಕೆಯನ್ನು ಅದೇ ತೀರ್ಪಿನಲ್ಲಿ ತಳ್ಳಿಹಾಕಿತು. ಇದು ಬಹಳ ಜನ ಗಮನಿಸದೆ ಬಿಡುವ ಅರ್ಧ. ಹಳೆಯ ರಾಜದ್ರೋಹದ ಸೆಕ್ಷನ್ ಹೋಗಿ ಈಗ 152ನೇ ಸೆಕ್ಷನ್ ಬಂದಿದೆ. ಅದು ದೇಶದ ಸಾರ್ವಭೌಮತೆ, ಏಕತೆಗಳಿಗೆ ಅಪಾಯ ತರುವ ಕೃತ್ಯಗಳ ಕುರಿತದ್ದು, ಜೀವಾವಧಿಯವರೆಗೂ ಶಿಕ್ಷೆಯುಳ್ಳದ್ದು. 2024ರ ಅಕ್ಟೋಬರ್ 4ರಂದು ಉತ್ತರ ಪ್ರದೇಶದ ಪತ್ರಕರ್ತರೊಬ್ಬರಿಗೆ ಮಧ್ಯಂತರ ರಕ್ಷಣೆ ಕೊಡುವಾಗ, ಬರಹವನ್ನು ಸರ್ಕಾರದ ಟೀಕೆಯೆಂದು ಭಾವಿಸಿದ ಮಾತ್ರಕ್ಕೆ ಪತ್ರಕರ್ತರ ಮೇಲೆ ಕ್ರಿಮಿನಲ್ ಪ್ರಕರಣ ಹೂಡಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಬಂಧನ: ಕಾಗದ ಮತ್ತು ಗಡಿಯಾರ

ಮೇಲೆ ಹೇಳಿದ ನ್ಯಾಯ ಸಂಹಿತೆಯ ಸೆಕ್ಷನ್‌ಗಳಲ್ಲಿ 152ನ್ನು ಬಿಟ್ಟರೆ ಉಳಿದವುಗಳ ಶಿಕ್ಷೆ ಸಾಮಾನ್ಯವಾಗಿ ಏಳು ವರ್ಷದೊಳಗಿನದು. ಅಂಥ ಅಪರಾಧಗಳಲ್ಲಿ ತಕ್ಷಣ ಬಂಧಿಸುವುದು ರೂಢಿಯಾಗಬಾರದು, ಏಕೆ ಬಂಧಿಸಬೇಕಾಯಿತು ಎಂಬ ಕಾರಣವನ್ನು ಪೊಲೀಸರು ಬರೆದಿಡಬೇಕು, ದಂಡಾಧಿಕಾರಿ ಅದನ್ನು ಕಣ್ಣುಮುಚ್ಚಿ ಒಪ್ಪಬಾರದು ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ವಿಧಿಸಿದೆ. ಅದು ವರದಕ್ಷಿಣೆ ಪ್ರಕರಣದಲ್ಲಿ ಬಂದ ತೀರ್ಪಾದರೂ ಎಲ್ಲರಿಗೂ ಅನ್ವಯಿಸುತ್ತದೆ.

ಬಂಧಿಸಿದರೆ ಸಂವಿಧಾನದ 22ನೇ ವಿಧಿ ಮೂರು ಸಂಗತಿಗಳನ್ನು ಖಾತರಿಪಡಿಸುತ್ತದೆ: ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ದಂಡಾಧಿಕಾರಿಯ ಮುಂದೆ ಹಾಜರುಪಡಿಸಬೇಕು. ಕಾರಣ ತಿಳಿಸುವುದೆಂದರೆ ಬಾಯಿಮಾತಿನಲ್ಲಿ ಹೇಳಿದರೆ ಸಾಕೇ ಎಂಬುದು ಬಹುಕಾಲ ಅಸ್ಪಷ್ಟವಾಗಿತ್ತು. ನ್ಯೂಸ್‌ಕ್ಲಿಕ್ ಸುದ್ದಿ ಜಾಲತಾಣದ ಸಂಪಾದಕ ಪ್ರಬೀರ್ ಪುರಕಾಯಸ್ಥ ಅವರನ್ನು 2023ರ ಅಕ್ಟೋಬರ್‌ನಲ್ಲಿ ದೆಹಲಿ ಪೊಲೀಸರು ಬಂಧಿಸಿದ ಪ್ರಕರಣದಲ್ಲಿ 2024ರ ಮೇ 15ರಂದು ಸುಪ್ರೀಂ ಕೋರ್ಟ್, ಬಂಧನದ ಆಧಾರಗಳನ್ನು ಲಿಖಿತವಾಗಿ ಕೊಟ್ಟಿರಲಿಲ್ಲ ಎಂಬ ಕಾರಣಕ್ಕೇ ಬಂಧನವನ್ನು ಅಸಿಂಧುವೆಂದು ಘೋಷಿಸಿತು. ಆರೋಪ ನಿಜವೋ ಸುಳ್ಳೋ ಎಂಬುದನ್ನು ಅಲ್ಲಿ ತೀರ್ಮಾನಿಸಲಿಲ್ಲ. ಒಂದು ಕಾಗದ ಇಲ್ಲದ್ದರಿಂದ ಬಿಡುಗಡೆಯಾಯಿತು. ಕಾರ್ಯವಿಧಾನವೇ ರಕ್ಷಣೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

ಇದಕ್ಕೆ ವಿರುದ್ಧವಾದ ಚಿತ್ರವೂ ಇದೆ. ಕೇರಳದ ಪತ್ರಕರ್ತ ಸಿದ್ದೀಕ್ ಕಪ್ಪನ್ 2020ರ ಅಕ್ಟೋಬರ್ 5ರಂದು ಉತ್ತರ ಪ್ರದೇಶದ ಹಾಥರಸ್‌ಗೆ ವರದಿಗೆ ಹೊರಟಾಗ ದಾರಿಯಲ್ಲೇ ಬಂಧನಕ್ಕೊಳಗಾದರು. ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆ ಸೇರಿದ್ದರಿಂದ ಜಾಮೀನು ಕಠಿಣವಾಯಿತು. ಸುಪ್ರೀಂ ಕೋರ್ಟಿನಲ್ಲಿ ಜಾಮೀನು ಸಿಕ್ಕಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಇನ್ನೊಂದು ಪ್ರಕರಣದ ಜಾಮೀನೂ ಮುಗಿದು ಹೊರಬಂದದ್ದು 2023ರ ಫೆಬ್ರುವರಿಯಲ್ಲಿ. ಯಾವ ಕಾಯ್ದೆ ಹಾಕಿದ್ದಾರೆ ಎಂಬುದು ತೀರ್ಪಿಗಿಂತ ಮೊದಲೇ ಎಷ್ಟು ಸಂಗತಿಗಳನ್ನು ನಿರ್ಧರಿಸಿಬಿಡುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಒಂದು ವ್ಯಾವಹಾರಿಕ ಕಷ್ಟವನ್ನು ಸೇರಿಸಬೇಕು. ನಿರೀಕ್ಷಣಾ ಜಾಮೀನಿಗೆ ಜಿಲ್ಲಾ ಮತ್ತು ಸತ್ರ ನ್ಯಾಯಾಲಯಕ್ಕೆ ಹೋಗಬಹುದು, ಆದರೆ ಎಫ್‌ಐಆರನ್ನೇ ರದ್ದುಪಡಿಸಿ ಎಂದು ಕೇಳಬೇಕಾದರೆ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಸೆಕ್ಷನ್ ಅಡಿ ಹೈಕೋರ್ಟಿಗೇ ಹೋಗಬೇಕು. ಉತ್ತರ ಕನ್ನಡಕ್ಕೆ ಅದು ಧಾರವಾಡ ಪೀಠ. ಸುದ್ದಿಗಿಷ್ಟು ಎಂದು ಸಂಭಾವನೆ ಪಡೆಯುವ ಭಟ್ಕಳದ ಅಥವಾ ಸಿದ್ದಾಪುರದ ಅರೆಕಾಲಿಕ ವರದಿಗಾರರಿಗೆ ಘಟ್ಟ ಹತ್ತಿ ಹೋಗಿ ವಕೀಲರನ್ನಿಡುವ ಖರ್ಚು, ಹಾಳಾಗುವ ದಿನಗಳು, ಕೊನೆಗೆ ಪ್ರಕರಣ ಬಿದ್ದುಹೋದರೂ ವಾಪಸ್ಸು ಬರುವುದಿಲ್ಲ. ದೊಡ್ಡ ಸಂಸ್ಥೆಯ ಸಂಪಾದಕರಿಗೆ ಅದೇ ಎಫ್‌ಐಆರ್ ಕಾನೂನು ವಿಭಾಗದ ಒಂದು ಕಡತವಷ್ಟೆ.

ಫೋನ್, ಕ್ಯಾಮೆರಾ ಮತ್ತು ಸುದ್ದಿಮೂಲ

"ವಿಡಿಯೊ ಡಿಲೀಟ್ ಮಾಡಿ" ಎಂದು ಸ್ಥಳದಲ್ಲೇ ಒತ್ತಾಯಿಸುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ ಯಾವ ಸೆಕ್ಷನ್ನಿನಲ್ಲೂ ಇಲ್ಲ. ಆ ವಿಡಿಯೊ ಅಪರಾಧಕ್ಕೆ ಸಾಕ್ಷ್ಯವಾಗಿದ್ದರೆ ಅದನ್ನು ಅಳಿಸುವುದೇ ತಪ್ಪು. ಸಾಕ್ಷ್ಯವಲ್ಲದಿದ್ದರೆ ಮುಟ್ಟುವ ಕಾರಣವೇ ಇಲ್ಲ. ಅಪರಾಧಕ್ಕೆ ಸಂಬಂಧಿಸಿದ ವಸ್ತುವನ್ನು ಜಪ್ತಿ ಮಾಡುವ ಅಧಿಕಾರ 106ನೇ ಸೆಕ್ಷನ್ನಿನಲ್ಲಿದೆ ನಿಜ. ಆದರೆ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಪಂಚರ ಸಹಿಯೊಂದಿಗೆ ಪಟ್ಟಿ ಮಾಡುವ ತನಕ ಧ್ವನಿ–ದೃಶ್ಯ ಮುದ್ರಣ ಮಾಡಬೇಕು ಮತ್ತು ಆ ಮುದ್ರಣವನ್ನು ತಡವಿಲ್ಲದೆ ದಂಡಾಧಿಕಾರಿಗೆ ಕಳಿಸಬೇಕು. ಪಂಚನಾಮೆಯಿಲ್ಲದೆ ಕೈಯಿಂದ ಕಿತ್ತುಕೊಂಡು ಮರುದಿನ ಬಂದು ಒಯ್ಯಿರಿ ಎನ್ನುವುದಕ್ಕೆ ಕಾನೂನಿನ ಬೆಂಬಲವಿಲ್ಲ. ಆರೋಪಿಯೂ ಅಲ್ಲದ ಪತ್ರಕರ್ತರೊಬ್ಬರ ಫೋನನ್ನು ಪೊಲೀಸರು ಒಯ್ದಾಗ ಕೇರಳ ಹೈಕೋರ್ಟ್ 2023ರ ಜುಲೈನಲ್ಲಿ, ಪ್ರಕರಣಕ್ಕೆ ಫೋನ್ ಬೇಕಿದ್ದರೂ ಸಂಹಿತೆಯ ಕ್ರಮ ಅನುಸರಿಸದೆ ವಶಪಡಿಸಿಕೊಳ್ಳುವಂತಿಲ್ಲ ಎಂದಿತು. ಪಾಸ್‌ವರ್ಡ್ ಕೊಡಲೇಬೇಕೇ ಎಂಬುದರಲ್ಲಿ ದೇಶದ ನ್ಯಾಯಾಲಯಗಳು ಇನ್ನೂ ಒಂದೇ ಮಾತಿಗೆ ಬಂದಿಲ್ಲ.

ಫೋನ್ ಕೇವಲ ಯಂತ್ರವಾಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಮರಳು ದಂಧೆಯ ಬಗ್ಗೆ ಮಾಹಿತಿ ಕೊಟ್ಟ ದೋಣಿಯವನ ಹೆಸರು, ಕಡತದ ಪ್ರತಿ ಕಳಿಸಿದ ಗುಮಾಸ್ತರ ಸಂಖ್ಯೆ ಅದರಲ್ಲಿರುತ್ತದೆ. 1978ರ ಪತ್ರಿಕಾ ಮಂಡಳಿ ಕಾಯ್ದೆಯ 15(2)ನೇ ಸೆಕ್ಷನ್, ಮಂಡಳಿಯ ಮುಂದಿನ ವಿಚಾರಣೆಯಲ್ಲಿ ಸುದ್ದಿಮೂಲ ಹೇಳುವಂತೆ ಪತ್ರಕರ್ತರನ್ನು ಒತ್ತಾಯಿಸಬಾರದು ಎನ್ನುತ್ತದೆ. ಆದರೆ ಪೊಲೀಸ್ ತನಿಖೆಗೋ ನ್ಯಾಯಾಲಯಕ್ಕೋ ಅದು ಅನ್ವಯಿಸುವುದಿಲ್ಲ. ಸಾಕ್ಷ್ಯ ಕಾನೂನಿನಲ್ಲೇ ಇಂಥ ರಕ್ಷಣೆ ಸೇರಿಸಿ ಎಂದು ಕಾನೂನು ಆಯೋಗ 1983ರಷ್ಟು ಹಿಂದೆಯೇ ತನ್ನ 93ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ವಕೀಲರಿಗೆ ಕಕ್ಷಿದಾರರ ಗುಟ್ಟು ಕಾಯುವ ರಕ್ಷಣೆ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ, ಪತ್ರಕರ್ತರಿಗೆ ಅದು ಬಂದಿಲ್ಲ. ಬೇಹುಗಾರಿಕೆ ತಂತ್ರಾಂಶದಿಂದ ಪತ್ರಕರ್ತರೂ ಸೇರಿ ಹಲವರ ಫೋನಿಗೆ ಕನ್ನ ಹಾಕಿದ ಆರೋಪದ ಪೆಗಾಸಸ್ ಪ್ರಕರಣದಲ್ಲಿ 2021ರ ಅಕ್ಟೋಬರ್ 27ರಂದು ಸುಪ್ರೀಂ ಕೋರ್ಟ್, ಸುದ್ದಿಮೂಲದ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯದ ಮೂಲಭೂತ ಷರತ್ತುಗಳಲ್ಲೊಂದು ಎಂದದ್ದು ಸದ್ಯಕ್ಕೆ ಇರುವ ದೊಡ್ಡ ಆಸರೆ.

ಗುರುತಿನ ಚೀಟಿ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಕೊಡುವ ಮಾನ್ಯತಾ ಪತ್ರ ಸರ್ಕಾರಿ ಕಾರ್ಯಕ್ರಮಗಳಿಗೆ ಪ್ರವೇಶ ಮತ್ತು ಕೆಲವು ಸೌಲಭ್ಯಗಳಿಗಾಗಿ ಇರುವುದು. ಅದು ಸುದ್ದಿ ಬರೆಯಲು ಪರವಾನಗಿಯಲ್ಲ, ಇಲ್ಲದವರು ಬರೆಯಬಾರದು ಎಂದೂ ಅಲ್ಲ. ಯೂಟ್ಯೂಬ್ ವಾಹಿನಿ ನಡೆಸುವವರಿಗೂ 19(1)(ಎ) ಅಷ್ಟೇ ಅನ್ವಯಿಸುತ್ತದೆ, ಮೇಲೆ ಹೇಳಿದ ಸೆಕ್ಷನ್‌ಗಳೂ ಅಷ್ಟೇ ಅನ್ವಯಿಸುತ್ತವೆ.

ಮತ್ತೊಂದು ಬದಿಯನ್ನೂ ಹೇಳದಿದ್ದರೆ ವಿವರಣೆ ಅಪೂರ್ಣವಾದೀತು. ಸುದ್ದಿ ಹಾಕುತ್ತೇನೆಂದು ಹೆದರಿಸಿ ಹಣ ಕೇಳುವುದು ನ್ಯಾಯ ಸಂಹಿತೆಯ 308ನೇ ಸೆಕ್ಷನ್ನಿನ ಸುಲಿಗೆ. ಕೊರಳಲ್ಲಿರುವ ಪ್ರೆಸ್ ಕಾರ್ಡ್ ಅದಕ್ಕೆ ರಕ್ಷಣೆಯಾಗದು. ಲೈಂಗಿಕ ದೌರ್ಜನ್ಯಕ್ಕೊಳಗಾದವರ ಗುರುತು, ಪೋಕ್ಸೊ ಪ್ರಕರಣದ ಮಕ್ಕಳ ಹೆಸರು, ಶಾಲೆ, ಮನೆ ಯಾವುದನ್ನೂ ಪ್ರಕಟಿಸುವಂತಿಲ್ಲ. ಅಪರಾಧ ನಡೆದ ಜಾಗದಲ್ಲಿ ಬೆರಳಚ್ಚು, ಹೆಜ್ಜೆ ಗುರುತು ಕೆಡದಂತೆ ಕಾಯುವುದು ಪೊಲೀಸರ ನಿಜವಾದ ಜವಾಬ್ದಾರಿ, ಅಲ್ಲಿ ಕ್ಯಾಮೆರಾ ಹಿಡಿದು ನುಗ್ಗುವುದಕ್ಕೆ ಸ್ವಾತಂತ್ರ್ಯದ ಹೆಸರು ಸಲ್ಲದು.

ಹಲ್ಲೆಯಾದರೆ, ದೂರು ತೆಗೆದುಕೊಳ್ಳದಿದ್ದರೆ

ಮಹಾರಾಷ್ಟ್ರ 2017ರಲ್ಲಿ, ಛತ್ತೀಸಗಢ 2023ರಲ್ಲಿ ಪತ್ರಕರ್ತರ ರಕ್ಷಣೆಗೆ ಪ್ರತ್ಯೇಕ ಶಾಸನ ಅಂಗೀಕರಿಸಿವೆ. ಕರ್ನಾಟಕದ ಪತ್ರಕರ್ತರು ಸಾಮಾನ್ಯ ಕಾನೂನನ್ನೇ ನೆಚ್ಚಬೇಕು. ಹೊಡೆತ, ಅಕ್ರಮ ತಡೆ, ಅಕ್ರಮ ಬಂಧನ ಯಾರು ಮಾಡಿದರೂ ಅಪರಾಧವೇ, ಸಮವಸ್ತ್ರದಲ್ಲಿದ್ದವರು ಮಾಡಿದರೂ. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು 2013ರ ಲಲಿತಾ ಕುಮಾರಿ ತೀರ್ಪು ಹೇಳುತ್ತದೆ, ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಠಾಣೆ ನಿರಾಕರಿಸಿದರೆ ದೂರನ್ನು ಬರೆದು ಕಾರವಾರದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬೇಕು, ಅಲ್ಲಿಯೂ ಆಗದಿದ್ದರೆ ದಂಡಾಧಿಕಾರಿಯ ಮೊರೆ ಹೋಗಬೇಕು. ಠಾಣೆಗಳಲ್ಲಿ ಸಿಸಿಟಿವಿ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿರುವುದರಿಂದ, ಘಟನೆ ಠಾಣೆಯಲ್ಲೇ ನಡೆದಿದ್ದರೆ ದೃಶ್ಯವನ್ನು ಕಾದಿಡುವಂತೆ ದೂರಿನಲ್ಲಿಯೇ ಕೇಳುವುದು ಉಪಯುಕ್ತ.

ಕೃತ್ಯ ಕರ್ತವ್ಯಕ್ಕೆ ಸಂಬಂಧಿಸಿದ್ದು ಎಂದಾದರೆ ಪೊಲೀಸರ ಮೇಲೆ ವಿಚಾರಣೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕಾಗುತ್ತದೆ. ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರ ಜೂನ್‌ನಲ್ಲಿ, ಅಧಿಕಾರ ಮೀರಿ ವರ್ತಿಸಿದ್ದರೂ ಕರ್ತವ್ಯದೊಂದಿಗೆ ನಂಟಿದ್ದರೆ ಈ ರಕ್ಷಣೆ ಸಿಗುತ್ತದೆ ಎಂದಿದೆ. ಇದು ದೂರುದಾರರ ದಾರಿಯಲ್ಲಿರುವ ಅತಿ ದೊಡ್ಡ ದಿಬ್ಬ. ಇದರ ಹೊರತಾಗಿ ಪೊಲೀಸ್ ದೂರು ಪ್ರಾಧಿಕಾರಕ್ಕೆ, ಘಟನೆಯಾದ ಒಂದು ವರ್ಷದೊಳಗೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು. ಪತ್ರಿಕೆಯಾಗಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೂ ಬರೆಯಬಹುದು, ಆದರೆ ಮಂಡಳಿಗೆ ತನ್ನ ಅಭಿಪ್ರಾಯ ಹೇಳುವ ಶಕ್ತಿಯಿದೆಯೇ ಹೊರತು ದಂಡಿಸುವ ಶಕ್ತಿಯಿಲ್ಲ, ಟಿವಿ ಮತ್ತು ಯೂಟ್ಯೂಬ್ ಅದರ ವ್ಯಾಪ್ತಿಗೆ ಬರುವುದೂ ಇಲ್ಲ.

ವಕೀಲರ ಖರ್ಚು ಭರಿಸಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಮತ್ತು ಆದಾಯ ಎಷ್ಟೇ ಇರಲಿ ಕಸ್ಟಡಿಯಲ್ಲಿರುವ ಯಾರಾದರೂ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಪ್ರಾಧಿಕಾರವನ್ನು ನ್ಯಾಯಾಲಯದಲ್ಲಿ ಸಂಪರ್ಕಿಸಬಹುದು, ಸಹಾಯವಾಣಿ 15100.